ಪುಟದ ಒಳಗೆ ನೋಡುವ ಮುಖ

“ಈ ಕೋಟು ಹೊಲಿದೋರಿಗೆ ಬುದ್ಧಿ ಇರಲಿಲ್ಲ ಅಕ್ಕ.”

ಟೈಲರ್ ಹಾಗೆಂದಾಗ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ನೀರಿನಿಂದ ಎತ್ತಿದ ಒಬ್ಬ ಹೆಂಗಸಿನ ಚಿತ್ರ ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ನೋಡುತ್ತ ಟೈಲರ್ ಎಲ್ಲಿ ಅತ್ತುಬಿಡುತ್ತಾಳೋ ಎಂದು ನಾನು ಕರ್ಚೀಫು ಹಿಡಿದು ಕಾಯುತ್ತಿದ್ದರೆ, ಇವಳು ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದಳು.

“ಕೋಟಿನ ಮಾತು ಆಮೇಲೆ. ಮುಖ ನೋಡು,” ಎಂದೆ.

“ಮುಖ ನೋಡಿ ನೋಡಿ ಸಾಕಾಯ್ತು. ನೀವು ಕೋಟು ನೋಡಿ. ಗುಂಡಿ ಯಾವ ಕಡೆ ಇದೆ?”

“ಅವಳ ಬಲಗಡೆ.”

“ಹೆಂಗಸರ ಕೋಟಿಗೆ ಗುಂಡಿ ಎಡಗಡೆ, ಗುಂಡಿ ತೂರಿಸೋ ಕಾಜ ಬಲಗಡೆ. ಗಂಡಸರದ್ದು ಅದರ ಉಲ್ಟಾ. ಹೊಲಿಗೆ ಕಲಿಯೋಕೆ ಕೂತ ಮೊದಲ ದಿನ ಹೇಳಿಕೊಡೋ ಪಾಠ ಇದು.”

“ಗಂಡಸರ ಕೋಟನ್ನೇ ಹಾಕ್ಕೊಂಡಿದ್ದಳೇನೋ.”

“ಸೊಂಟದ ಹತ್ರ ಒಳಗೆ ಹಿಡಿದು ಹೊಲಿದಿದ್ದಾರೆ, ಎದೆಗೆ ಮಡಿಕೆ ಕೊಟ್ಟಿದ್ದಾರೆ. ಯಾವ ಗಂಡಸಿಗಕ್ಕ ಇದು?”

ವಾದದಲ್ಲಿ ಸೋತಾಗ ನಾನು ಕನ್ನಡಕ ಒರೆಸುತ್ತೇನೆ. ಒರೆಸಿದೆ.

ಇಲ್ಲಿಯ ತನಕ ನಮಗೆ ಗೊತ್ತಿದ್ದದ್ದು ಇಷ್ಟೇ. ಮೂವತ್ತು ವರ್ಷಕ್ಕೂ ಹಿಂದೆ ಆಚೆ ದಡಕ್ಕೆ ಹೊರಟ ದೋಣಿ ಮಗುಚಿದ ದಿನದಿಂದ ಟೈಲರಿನ ತಾಯಿ ಕಾಣೆ. ಗುರುತು ಸಿಗದ ಒಂದು ಹೆಣದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅಜ್ಜಿ ನೋಡಿ, “ಇವಳು ನನ್ನ ಮಗಳಲ್ಲ” ಎಂದುಬಿಟ್ಟಿದ್ದರು.

ಕಾರಣ ಹುಬ್ಬಿನ ಮೇಲಿನ ಗಾಯದ ಗುರುತು. ಮಗಳಿಗೆ ಇದ್ದದ್ದು ಬಲ ಹುಬ್ಬಿನ ಮೇಲೆ. ಚಿತ್ರದಲ್ಲಿ ಇರುವುದು ಎಡ ಹುಬ್ಬಿನ ಮೇಲೆ. ಹೆಣವನ್ನು ಆಗಲೇ ಮಣ್ಣು ಮಾಡಿಯಾಗಿತ್ತು, ಆದ್ದರಿಂದ ಚಿತ್ರದ ಮಾತೇ ಕೊನೆಯ ಮಾತಾಯಿತು. ಮರಣ ನೋಂದಣಿ ಕಚೇರಿಯವರು ‘ಅಪರಿಚಿತ ಮಹಿಳೆ’ ಎಂದು ಬರೆದು ಕೈತೊಳೆದುಕೊಂಡರು.

ಊರು ಅಷ್ಟಕ್ಕೆ ಬಿಡುತ್ತದೆಯೇ? ದೋಣಿ ಮಗುಚಿದ ಗದ್ದಲದಲ್ಲಿ ಯಾರದೋ ಕೈ ಹಿಡಿದು ಓಡಿಹೋದಳು ಎಂದು ತೀರ್ಪು ಕೊಟ್ಟಿತು. ಆರು ವರ್ಷದ ಹುಡುಗಿ ಓಡಿಹೋದವಳ ಮಗಳಾಗಿ ಬೆಳೆದಳು. ಈಗ ನಲವತ್ತು ದಾಟಿದ ಟೈಲರ್ ನನ್ನ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: “ನಮ್ಮಮ್ಮ ನನ್ನ ಬಿಟ್ಟು ಹೋದಳಾ, ಸತ್ತುಹೋದಳಾ? ಎರಡರಲ್ಲಿ ಒಂದು ಹೇಳಿ ಅಕ್ಕ. ಯಾವುದಾದರೂ ತಡ್ಕೊಳ್ತೀನಿ.”

ಜನ ನನ್ನನ್ನು ಯಮನ ಗುಮಾಸ್ತೆ ಎನ್ನುತ್ತಾರೆ. ಬೆನ್ನ ಹಿಂದೆ ಅನ್ನುತ್ತಿದ್ದೇವೆ ಎಂದು ಅವರು ತಿಳಿದಿದ್ದಾರೆ, ನನಗೆ ಎದುರಿಗೇ ಕೇಳಿಸುತ್ತದೆ. ಗ್ರಂಥಾಲಯದ ಹಿಂದಿನ ಕೋಣೆ ನನ್ನದು. ಊರಿನ ಪತ್ರಿಕೆಯಲ್ಲಿ ಬಂದ ಒಂದೊಂದು ನಿಧನವಾರ್ತೆಯನ್ನೂ ಕತ್ತರಿಸಿ, ನೋಂದಣಿ ಕಚೇರಿಯ ದಾಖಲೆಗೆ ತಾಳೆ ನೋಡಿ ಇಡುತ್ತೇನೆ. ದೂರದಲ್ಲಿರುವವರು ಚಿಕ್ಕಪ್ಪನ ಸಾವಿನ ತಾರೀಖು, ಮುತ್ತಜ್ಜಿಯ ಮಣ್ಣಿನ ಜಾಗ ಹುಡುಕಿಕೊಂಡು ಬಂದರೆ ಬರಿಗೈಯಲ್ಲಿ ಹೋಗಬಾರದು, ಅಷ್ಟೇ ನನ್ನ ಹಟ.

ಈ ಕೆಲಸದಲ್ಲಿ ನಾನು ಕಲಿತದ್ದೆಂದರೆ, ಸತ್ತವರು ಸುಳ್ಳು ಹೇಳುವುದಿಲ್ಲ. ಅವರ ಪರವಾಗಿ ಬದುಕಿರುವವರು ಧಾರಾಳವಾಗಿ ಹೇಳುತ್ತಾರೆ. ವಯಸ್ಸು ಇಳಿಸುತ್ತಾರೆ, ಕೆಲಸ ಏರಿಸುತ್ತಾರೆ, ಊರಿಗೆಲ್ಲ ಕಿರಿಕಿರಿಯಾಗಿದ್ದವನನ್ನು ಮೃದುಸ್ವಭಾವಿ ಮಾಡುತ್ತಾರೆ. ಆದರೆ ಕೋಟಿನ ಗುಂಡಿ ಸುಳ್ಳು ಹೇಳಿದ್ದನ್ನು ಕಂಡದ್ದು ಅದೇ ಮೊದಲು.

ಟೈಲರ್ ಪುಟದ ಮಡಿಕೆ ಬಿಡಿಸಿ, ಅದು ಮತ್ತೆ ಸುರುಳಿಯಾಗದಂತೆ ತನ್ನ ಚೀಲದಿಂದ ಒಂದು ಸೀಸದ ತುಂಡು ತೆಗೆದು ಮೂಲೆಯ ಮೇಲಿಟ್ಟಳು. ಬಟ್ಟೆಯ ಮೇಲೆ ಅಳತೆಯ ಕಾಗದ ಹಾರದಂತೆ ಇಡುವ ತೂಕ ಅದು. ಅವಳ ಕೈಯಲ್ಲಿ ಅದನ್ನು ನಾನು ಮೊದಲಿಂದಲೂ ಕಂಡಿದ್ದೇನೆ.

“ಅಕ್ಕ, ಕೋಟು ಸರಿಯಾಗೇ ಇದ್ದು ಚಿತ್ರಾನೇ ತಿರುಗಿದ್ದರೆ?” ಎಂದಳು ಮೆಲ್ಲಗೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಈ ಹುಣ್ಣಿಗೆ ಬೇಕಾಯಿತು. ನನ್ನ ಕೈಚೀಲದಲ್ಲಿದ್ದ ಪುಟ್ಟ ಕನ್ನಡಿಯನ್ನು ಚಿತ್ರದ ಪಕ್ಕಕ್ಕೆ ಹಿಡಿದೆ.

ಕನ್ನಡಿಯೊಳಗೆ ಗುಂಡಿಗಳು ಎಡಕ್ಕೆ ಬಂದವು. ಗಾಯದ ಗುರುತು ಬಲ ಹುಬ್ಬಿನ ಮೇಲೆ ಹೋಗಿ ಕೂತಿತು. ಟೈಲರ್ ತನ್ನ ಚೀಲದಿಂದ ತಾಯಿಯ ಹಳೆಯ ಸ್ಟುಡಿಯೋ ಫೋಟೋ ತೆಗೆದು ಪಕ್ಕದಲ್ಲಿಟ್ಟಳು. ಅದೇ ಹಣೆ, ಅದೇ ಮೂಗು, ಅದೇ ಹುಬ್ಬು.

“ಬಿಟ್ಟು ಹೋಗಿರಲಿಲ್ಲ,” ಎಂದಳು. “ಅಕ್ಕ, ಅವಳು ನನ್ನ ಬಿಟ್ಟು ಹೋಗಿರಲಿಲ್ಲ.”

ಕರ್ಚೀಫು ಆಗ ಬೇಕಾಯಿತು, ನಮ್ಮಿಬ್ಬರಿಗೂ. ತಾಯಿ ಸತ್ತಳೆಂದು ತಿಳಿದು ಒಬ್ಬಳ ಮುಖ ಅರಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅಳುತ್ತಲೇ ನಗುತ್ತಿದ್ದಳು.

ಅವಳು ಮೂಗು ಒರೆಸಿಕೊಂಡು, ಅಪ್ಪಟ ಟೈಲರಿನ ದನಿಯಲ್ಲಿ, “ಇನ್ನು ದಾಖಲೆಯಲ್ಲಿ ಅವಳ ಹೆಸರು ಬರೆಸೋದು ಹೇಗೆ?” ಎಂದಳು.

“ಕಚೇರಿಯವರ ನಿಯಮ ಒಂದೇ. ಅವತ್ತು ‘ಅಲ್ಲ’ ಅಂದೋರೇ ಇವತ್ತು ಬಂದು ‘ಹೌದು’ ಅನ್ನಬೇಕು. ಅಂದ್ರೆ ನಿಮ್ಮಜ್ಜಿ.”

“ಅಜ್ಜಿ ಖುಷಿಯಿಂದ ಬರ್ತಾಳೆ,” ಎಂದವಳು ಅಷ್ಟಕ್ಕೇ ನಿಂತಳು. ಚಿತ್ರವನ್ನು ಮತ್ತೆ ನೋಡಿದಳು. “ನನಗೆ ಹೊಲಿಗೆ ಕಲಿಸಿದ್ದೇ ಅಜ್ಜಿ ಅಕ್ಕ. ಈ ಗುಂಡಿ ನನಗೆ ಕಂಡ ಮೇಲೆ ಅವಳಿಗೆ ಕಾಣಲಿಲ್ವಾ?”

“ಮಗಳನ್ನ ಕಳ್ಕೊಂಡ ಹೊತ್ತಿನಲ್ಲಿ ಯಾರು ಗುಂಡಿ ನೋಡ್ತಾರೆ ಬಿಡು,” ಎಂದೆ. ಆದರೆ ಆ ಮಾತು ನನಗೇ ರುಚಿಸಲಿಲ್ಲ.

ಹೊರಡುವಾಗ ಪತ್ರಿಕೆಯ ದಪ್ಪ ಸಂಪುಟವನ್ನು ಕಪಾಟಿಗೆ ಎತ್ತಿಡಬೇಕಿತ್ತು. ಅದರ ಮೇಲೆ ಧೂಳೇ ಇರಲಿಲ್ಲ. ಸೋಮವಾರವಷ್ಟೇ ಇನ್ನೊಬ್ಬರು ಅದನ್ನು ಕೇಳಿ ಓದಿದ್ದರು. ‘ದೋಣಿ ದುರಂತದ ಅಪರಿಚಿತ ಮಹಿಳೆಯ ಬಗ್ಗೆ ತಿಳಿದವರು ಸಂಪರ್ಕಿಸಿ’ ಎಂದು ಹೋದ ವಾರ ಪತ್ರಿಕೆಗೆ ನಾನೇ ಒಂದು ಪ್ರಕಟಣೆ ಕೊಟ್ಟಿದ್ದೆ. ಅದನ್ನು ನೋಡಿ ಬಂದವರು.

ವಯಸ್ಸಾದ ಗಂಡಸು, ಬಹಳ ಮರ್ಯಾದಸ್ಥರು, ಒಳಗೆ ಬಂದವರೇ ಟೋಪಿ ತೆಗೆದರು. ಎಡಗಿವಿ ಅರ್ಧ ಇರಲಿಲ್ಲ. ಕೇಳಿಸದೇನೋ ಎಂದು ನಾನು ಅವರ ಬಲಗಡೆ ಕೂತೇ ಮಾತಾಡಿದೆ. ಆ ವಾರದ ಪುಟಗಳನ್ನೆಲ್ಲ ಓದಿ, ಹೋಗುವಾಗ, “ಈ ಊರಲ್ಲಿ ಹಿಂದೆ ಒಬ್ಬರು ಟೈಲರಮ್ಮ ಕೋಟು ಚೆನ್ನಾಗಿ ಹೊಲಿತಿದ್ದರು, ಈಗಲೂ ಇದ್ದಾರಾ?” ಎಂದು ಕೇಳಿದರು. ನಾನು ಉಬ್ಬಿಹೋಗಿ, ಅವರ ಮೊಮ್ಮಗಳು ಅವರಿಗಿಂತ ಒಂದು ಕೈ ಮೇಲು ಎಂದು ಅಂಗಡಿಯ ದಾರಿ ತೋರಿಸಿದ್ದೆ.

“ನೀವು ಕಳಿಸಿದ ಗಿರಾಕಿ ಒಳ್ಳೇವ್ರು ಅಕ್ಕ,” ಎಂದಿದ್ದಳು ಟೈಲರ್ ಈವತ್ತು ಬಂದವಳೇ. “ಕೋಟು ಸಂಜೆಗೆ ಕೊಡ್ತೀನಿ ಅಂದಿದ್ದೀನಿ. ಗುಂಡಿ ಹಾಕೋದೊಂದು ಬಾಕಿ.”

ನನ್ನ ಪ್ರಕಟಣೆಗೆ ಇನ್ನೊಂದು ಉತ್ತರವೂ ಬಂದಿತ್ತು, ಫೋನಿನಲ್ಲಿ. “ನಮ್ಮ ಮಾವ ಆ ಪತ್ರಿಕೆಯ ಅಚ್ಚುಕೂಟದಲ್ಲಿ ಫೋರ್‌ಮನ್ ಆಗಿದ್ದವರು. ಪ್ರಕಟಣೆ ನೋಡಿದಾಗಿಂದ ಊಟ ಸರಿಯಾಗಿ ಮಾಡ್ತಿಲ್ಲ. ದಯವಿಟ್ಟು ಬಂದು ಮಾತಾಡಿಸಿ,” ಎಂದಿದ್ದಳು ಒಬ್ಬ ಸೊಸೆ.

ಅಲ್ಲಿಗೇ ಹೊರಟೆವು.

* * *

ಫೋರ್‌ಮನ್ ತಾತನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿತ್ತು. ಕೆಳಗಿನಿಂದ ಗಾಳಿ ಹೊಡೆಯುವ ಪಂಪಿನ ಸದ್ದು ಏದುಸಿರಿನಂತೆ ಕೇಳುತ್ತಿತ್ತು. ಎಂಬತ್ತರ ತಾತ ಮಂಚದ ಮೇಲೆ ಕೂತು ಅಂದಿನ ಪತ್ರಿಕೆಗೆ ಬೈಯುತ್ತಿದ್ದರು.

“ಮೇಷ್ಟ್ರ ಥರ ಬೆಳಿಗ್ಗೆಯಿಂದ ಇದೇ ಪಾಠ,” ಎಂದಳು ಸೊಸೆ. “ಇದು ಕೇಳಿಸಬೇಕಾದ ಪತ್ರಿಕೆಯವರಿಗೆ ಕೇಳಲ್ಲ, ನನಗೆ ಕೇಳುತ್ತೆ.”

“ನೀನು ಸುಮ್ನಿರಮ್ಮ. ಇಲ್ಲಿ ನೋಡಿ, ನೀವೇ ನೋಡಿ,” ಎಂದು ತಾತ ನಿಧನವಾರ್ತೆಯ ಪುಟವನ್ನು ನನ್ನ ಮುಂದೆ ಹಿಡಿದರು. “ಈ ಮನುಷ್ಯ ಬಲ ಅಂಚಿನಲ್ಲಿದ್ದಾನೆ, ಪುಟದಿಂದ ಹೊರಗೆ ನೋಡ್ತಿದ್ದಾನೆ. ತನ್ನ ಸಾವಿನ ಸುದ್ದಿ ತನಗೇ ಬೇಡ ಅನ್ನೋ ಹಾಗೆ! ನಮ್ಮ ಕಾಲದಲ್ಲಿ ಇಂಥದ್ದು ಆಗ್ತಿರಲಿಲ್ಲ. ಮುಖ ಯಾವಾಗಲೂ ಪುಟದ ಒಳಗೆ ನೋಡಬೇಕು.”

“ಫೋಟೋದಲ್ಲೇ ಹೊರಗೆ ನೋಡ್ತಿದ್ದರೆ?”

“ನೆಗೆಟಿವ್ ತಿರುಗಿಸಿ ಅಚ್ಚಿನ ಬ್ಲಾಕ್ ಮಾಡಿಸ್ತಿದ್ದೆ. ಒಂದು ನಿಮಿಷದ ಕೆಲಸ. ನಾನು ಇದ್ದಷ್ಟು ವರ್ಷ ಈ ಊರಿನ ಸತ್ತವರಲ್ಲಿ ಒಬ್ಬರೂ ಓದೋರಿಗೆ ಬೆನ್ನು ಹಾಕಿಲ್ಲ.” ಎದೆಯುಬ್ಬಿಸಿ ಹೇಳಿದರು. ಸಾವಿನ ಪುಟದ ಮರ್ಯಾದೆ ಕಾಯುವುದೇ ಅವರ ಧರ್ಮವಾಗಿತ್ತೆಂದು ಕಾಣುತ್ತದೆ.

ಟೈಲರ್, ನಾನು ತೆಗೆಸಿಕೊಟ್ಟಿದ್ದ ಪುಟದ ನಕಲನ್ನು ಅವರ ತೊಡೆಯ ಮೇಲಿಟ್ಟಳು.

ಉಬ್ಬಿದ್ದ ಎದೆ ಇಳಿಯಿತು. ತಾತ ಆ ಮುಖದ ಮೇಲೆ ಬೆರಳಾಡಿಸಿದರು.

“ಇವಳು ಬಲ ಅಂಚಿಗೆ ಬಂದಿದ್ದಳು,” ಎಂದರು. “ಒಳಗೆ ನೋಡೋ ಹಾಗೆ ನಾನೇ ತಿರುಗಿಸಿದೆ. ಮುಖಕ್ಕೆ ಎಡ ಏನು, ಬಲ ಏನು ಅಂದ್ಕೊಂಡಿದ್ದೆ. ಗುರುತು ಹಿಡಿಯೋಕೆ ಹಾಕಿದ ಚಿತ್ರ ಇದು ಅಂತ ಹೊಳೀಲೇ ಇಲ್ಲ ನನಗೆ. ಸಾವಿನ ಪುಟ ಅಂದ್ರೆ ಎಲ್ಲಾ ಒಂದೇ ಅಂತ...”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸತ್ತವಳಿಗೆ ಮರ್ಯಾದೆ ಕೊಡಲು ಹೋಗಿ ಅವಳ ಹೆಸರನ್ನೇ ಕಳೆದುಬಿಟ್ಟ ಮನುಷ್ಯನಿಗೆ ಯಾರು ಏನು ಅನ್ನುವುದು?

“ಇದು ನಿಮಗೆ ಯಾವಾಗ ಹೊಳೀತು ತಾತ? ನನ್ನ ಪ್ರಕಟಣೆ ನೋಡಿದ ಮೇಲಾ?”

“ಇಲ್ಲಮ್ಮ. ಆ ಪತ್ರಿಕೆ ಬಂದ ಮಾರನೇ ದಿನಾನೇ.”

ಟೈಲರ್ ತಲೆಯೆತ್ತಿದಳು.

“ಒಬ್ಬ ಹೆಂಗಸು ಅಚ್ಚುಕೂಟಕ್ಕೆ ಬಂದ್ರು. ಐವತ್ತರ ಹತ್ರ ಇರಬಹುದು. ಪತ್ರಿಕೆ ಬಿಚ್ಚಿ, ಮುಖ ತೋರಿಸಲಿಲ್ಲ, ಗುಂಡಿ ತೋರಿಸಿದ್ರು. ‘ಇದನ್ನ ತಿರುಗಿಸಿದ್ದೀರಾ?’ ಅಂದ್ರು. ನನಗೆ ಜೀವ ಬಾಯಿಗೆ ಬಂತು. ಹೌದಮ್ಮ, ನಾಳೆ ಸರಿಯಾಗಿ ಇನ್ನೊಂದು ಸಲ ಹಾಕ್ತೀನಿ ಅಂದೆ. ‘ಬೇಡ’ ಅಂದ್ರು.”

“ಬೇಡ ಅಂದ್ರಾ?”

“‘ಹಾಗೇ ಇರಲಿ, ಯಾರಿಗೂ ಹೇಳಬೇಡಿ’ ಅಂದ್ರು. ಯಾಕಮ್ಮ ಅಂದೆ. ‘ನಿಮಗೆ ಮಕ್ಕಳಿದ್ದಾರಾ?’ ಅಂತ ಕೇಳಿದ್ರು. ಇದ್ದಾರೆ ಅಂದೆ. ‘ಹಾಗಾದ್ರೆ ಕೇಳಬೇಡಿ’ ಅಂದ್ರು. ಆ ಕಣ್ಣು ನೋಡಿದ ಮೇಲೆ ನಾನು ಬಾಯಿ ಬಿಡೋದುಂಟಾ? ಮನೇಲೂ ಹೇಳಿಲ್ಲ.”

ಸೊಸೆ ಕೈಯಲ್ಲಿದ್ದ ನೀರಿನ ಚೊಂಬನ್ನು ಹಾಗೇ ಹಿಡಿದು ನಿಂತಿದ್ದಳು. ಅವಳಿಗೂ ಇದು ಹೊಸ ಸುದ್ದಿ.

ನಾನು ಟೈಲರಿನ ಮುಖ ನೋಡದೆ ಕೇಳಿದೆ. “ಅವರು ಯಾರು ಅಂತ ಗೊತ್ತಾ?”

“ಹೆಸರು ಹೇಳಲಿಲ್ಲ. ಅವರ ಕೈ ಹಿಡ್ಕೊಂಡು ಒಂದು ಹೆಣ್ಣು ಮಗು ಬಂದಿತ್ತು. ಅಳಲಿಲ್ಲ, ಮಾತಾಡಲಿಲ್ಲ, ಅಚ್ಚುಮೊಳೆ ಜೋಡಿಸೋದನ್ನೇ ನೋಡ್ತಾ ನಿಂತಿತ್ತು. ನನಗೆ ಕರುಳು ಚುರ್ ಅಂತು. ಕರಗಿಸೋಕೆ ತೆಗೆದಿಟ್ಟಿದ್ದ ಒಂದು ದೊಡ್ಡ ಸೀಸದ ಅಕ್ಷರ ಇತ್ತು, ‘ಳ’. ಮೂಲೆ ಮುರಿದಿತ್ತು. ಆಡ್ಕೋ ಮಗು ಅಂತ ಕೊಟ್ಟೆ.”

ಟೈಲರ್ ಚೀಲಕ್ಕೆ ಕೈ ಹಾಕಿದಳು. ಸೂಜಿಡಬ್ಬಿ, ಅಳತೆ ಟೇಪು, ಸೀಮೆಸುಣ್ಣ ಎಲ್ಲ ಮಂಚದ ಮೇಲೆ ಬಂದವು. ಕೊನೆಗೆ ಆ ಸೀಸದ ತುಂಡು ಬಂತು. ಬಟ್ಟೆಯ ಮೇಲೆ ಉಜ್ಜಿ ಉಜ್ಜಿ ಹೊಳಪಾಗಿದ್ದ ಅದನ್ನು ಅವಳು ತಾತನ ಅಂಗೈಗೆ ಹಾಕಿದಳು.

ತಾತ ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳಿನಿಂದ ಮೂಲೆ ಮುಟ್ಟಿ ನೋಡಿದರು.

“ಅದೇ,” ಎಂದರು. ಆಮೇಲೆ, “ನೀನೇನಮ್ಮ ಆ ಮಗು?”

ಅವಳು ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನನಗಾಗಿದ್ದರೆ ಆ ಬುದ್ಧಿ ಬರುತ್ತಿತ್ತೋ ಇಲ್ಲವೋ. “ನೀವು ಊಟ ಮಾಡಿ ತಾತ,” ಎಂದಳು. “ನಿಮ್ಮಿಂದ ತಪ್ಪಾಯ್ತು, ಆದರೆ ಅದನ್ನ ಸರಿ ಮಾಡ್ತೀನಿ ಅಂತ ನೀವು ಹೇಳಿದ್ರಿ. ಬೇಡ ಅಂದೋರು ನಮ್ಮ ಮನೇಲಿದ್ದಾರೆ.”

* * *

ಟೈಲರಿನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆಯಂತ್ರ, ಕತ್ತರಿಸುವ ದೊಡ್ಡ ಮೇಜು, ಗೋಡೆಯುದ್ದಕ್ಕೂ ಗಿರಾಕಿಗಳ ಬಟ್ಟೆ ನೇತುಹಾಕಿದ ಕೋಲು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿ.

ಎಂಬತ್ತೈದು ದಾಟಿದ ಅಜ್ಜಿ ಭೂತಗನ್ನಡಿ ಹಿಡಿದು ಪತ್ರಿಕೆ ಓದುತ್ತಿದ್ದರು, ಅದೂ ಸಾವಿನ ಪುಟ. ದಿನಾ ಮೊದಲು ಅದನ್ನೇ ಓದುತ್ತಾರೆಂದು ಬೀದಿಗೆಲ್ಲ ಗೊತ್ತು. ಎಲ್ಲಿ ಮಗಳ ಹೆಸರು ಬಂದುಬಿಡುತ್ತದೋ ಎಂಬ ಭಯ, ಪಾಪ, ಎಂದು ಎಲ್ಲರೂ ಮರುಗುತ್ತಿದ್ದರು. ಎಲ್ಲರಲ್ಲಿ ನಾನೂ ಒಬ್ಬಳು.

ಟೈಲರ್ ಚಪ್ಪಲಿ ಕೂಡ ಬಿಡದೆ ಒಳಗೆ ಹೋಗಿ, ಸೀಸದ ಅಕ್ಷರವನ್ನು ಆ ಪುಟದ ಮೇಲಿಟ್ಟಳು.

“ಇದನ್ನ ನನಗೆ ಯಾರು ಕೊಟ್ಟಿದ್ದಜ್ಜಿ?”

“ಯಾರಿಗೆ ಗೊತ್ತೇ. ಎಲ್ಲೋ ಬೀದೀಲಿ ಸಿಕ್ಕಿತ್ತು.”

“ಅಚ್ಚುಕೂಟದ ಫೋರ್‌ಮನ್ ಇನ್ನೂ ಬದುಕಿದ್ದಾರೆ.”

ಅಜ್ಜಿ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಮೊಮ್ಮಗಳನ್ನು ಬಿಟ್ಟು ನನ್ನ ಕಡೆ ನೋಡಿದರು. “ಎಲ್ಲ ನಿನ್ನ ಕೆಲಸ ಅಲ್ವಾ? ಸತ್ತೋರನ್ನ ಮಲಗೋಕೂ ಬಿಡಲ್ಲ ನೀನು.”

“ಅವರನ್ನ ಯಾಕೆ ಅಂತೀಯ? ನನ್ನ ಜೊತೆ ಮಾತಾಡು,” ಎಂದಳು ಟೈಲರ್. “ಶಾಲೇಲಿ ನನ್ನ ಓಡಿಹೋದವಳ ಮಗಳು ಅಂತಿದ್ರು. ಅಳ್ತಾ ಬಂದ್ರೆ ತಲೆ ಸವರಿ ‘ಬರ್ತಾಳೆ ಇರು’ ಅಂತಿದ್ದೆ. ಈ ಬಾಗಿಲಲ್ಲಿ ಕೂತು ಕಾಯ್ತಿದ್ದೆ ನಾನು. ಮಣ್ಣಲ್ಲಿ ಮಲಗಿದ್ದೋಳಿಗೆ ಕಾಯ್ತಿದ್ದೆ ಅಜ್ಜಿ! ನಿನಗೆ ಗೊತ್ತಿತ್ತು. ಗೊತ್ತಿದ್ದೂ ಪಕ್ಕದಲ್ಲೇ ಕೂತು ನನ್ನ ಜೊತೆ ಕಾದೆ.”

ಅಜ್ಜಿ ಸೀಸದ ಅಕ್ಷರವನ್ನು ಪುಟದ ಅಂಚಿಗೆ ಸರಿಸಿದರು.

“ಬೈಕೊಂಡಿದ್ದೀನಿ ನಮ್ಮಮ್ಮನ್ನ. ದಿನಾ ಬೈಕೊಂಡಿದ್ದೀನಿ. ಆ ಪಾಪ ಯಾರ ತಲೆಗೆ?”

“ನನ್ನ ತಲೆಗೆ,” ಎಂದರು ಅಜ್ಜಿ. “ಅದನ್ನ ಹೊತ್ಕೊಂಡೇ ಬದುಕಿದ್ದೀನಿ. ಕೂತ್ಕೋ.”

“ಕೂತ್ಕೊಳ್ಳಲ್ಲ.”

“ಹಾಗಾದ್ರೆ ನಿಂತೇ ಕೇಳು. ಚಿತ್ರ ಬಂದ ದಿನ ನಿಜವಾಗ್ಲೂ ಅವಳಲ್ಲ ಅಂತಾನೇ ಹೇಳಿದ್ದೆ. ಗಾಯ ಆಚೆ ಕಡೆ ಇತ್ತಲ್ಲ, ಬದುಕಿದ್ದಾಳೆ ಅಂತ ಕುಣಿದಾಡಿಬಿಟ್ಟೆ. ರಾತ್ರಿ ಮಲಗಿದಾಗ ಗುಂಡಿ ಕಣ್ಣಿಗೆ ಕಟ್ಟಿತು. ಆ ಕೋಟು ಹೊಲಿದೋಳು ನಾನೇ. ಬೆಳಿಗ್ಗೆ ನಿನ್ನ ಕರ್ಕೊಂಡು ಅಚ್ಚುಕೂಟಕ್ಕೆ ಹೋದೆ. ಹೋಗೋವಾಗ ಕಚೇರಿಗೆ ಹೋಗಿ ಹೆಸರು ಬರೆಸಬೇಕು ಅಂತಾನೇ ಇದ್ದೆ. ದಾರೀಲಿ ನೀನು ನನ್ನ ಬೆರಳು ಹಿಡ್ಕೊಂಡಿದ್ದೆ ನೋಡು, ಆಗ ಯೋಚನೆ ಬಂತು. ತಾಯಿ ಕಾಣೆ ಅಂದ್ರೆ ಮಗು ನನ್ನ ಹತ್ರ ಇರುತ್ತೆ. ತಾಯಿ ಸತ್ತಳು ಅಂತ ಬರೆಸಿದ್ರೆ ಕಾನೂನಿನ ಪ್ರಕಾರ ಮಗು ಅವನದ್ದಾಗುತ್ತೆ.”

“ಯಾರದ್ದು?”

“ನಿನ್ನಪ್ಪನದ್ದು.”

ಟೈಲರ್ ಕೂತಳು. ಕೂತಿದ್ದು ಬಟ್ಟೆಯ ರಾಶಿಯ ಮೇಲೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

“ಅಪ್ಪ ನಾನು ಹುಟ್ಟೋ ಮೊದಲೇ ಸತ್ತ ಅಂದಿದ್ದೆ.”

“ಅಂದಿದ್ದೆ.”

ನನ್ನ ಕೆನ್ನೆಗೆ ಯಾರೋ ಹೊಡೆದಂತಾಯಿತು. ಇವಳ ತಂದೆಯ ಮರಣ ದಾಖಲೆಯನ್ನೂ ನಾನು ಹುಡುಕಿದ್ದೆ. ಸಿಕ್ಕಿರಲಿಲ್ಲ. ಬೇರೆ ಊರಲ್ಲಿ ಸತ್ತದ್ದು ಎಂದು ಅಜ್ಜಿ ಹೇಳಿದ ಒಂದು ಮಾತಿಗೆ ಅದನ್ನು ಬದಿಗಿಟ್ಟಿದ್ದೆ. ದಾಖಲೆ ಇಲ್ಲದ ಸಾವನ್ನು ನಂಬಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು!

“ಅವಳ ಹುಬ್ಬಿನ ಗಾಯ ಮೆಟ್ಟಿಲಿಂದ ಬಿದ್ದಿದ್ದಲ್ಲ,” ಎಂದರು ಅಜ್ಜಿ. “ಅವನು ಮಾಡಿದ್ದು. ನೀನು ಆಗಿನ್ನೂ ಕೂಸು. ಅವಳು ನಿನ್ನ ಎತ್ಕೊಂಡು ನನ್ನ ಮನೆಗೆ ಓಡಿಬಂದಳು, ಅವನು ಹಿಂದೆಯೇ ಬಂದ. ಅವಳ ಕೈಯಿಂದ ನಿನ್ನನ್ನ ಕಿತ್ತುಕೊಂಡ. ನಾನು ಬಟ್ಟೆ ಕತ್ತರಿಸ್ತಾ ಇದ್ದೆ, ಕೈಯಲ್ಲಿ ಕತ್ತರಿ ಇತ್ತು. ಆಮೇಲೇನಾಯ್ತು ಅಂತ ನನಗೂ ಸರಿಯಾಗಿ ನೆನಪಿಲ್ಲ. ಮಗು ಅಂತೂ ನನ್ನ ಕೈಗೆ ಬಂತು.”

“ಅವನು?” ಎಂದೆ ನಾನು.

“ಕಿವಿ ಹಿಡ್ಕೊಂಡು ಓಡಿದ. ‘ಮುದುಕಿ, ಒಂದು ದಿನ ಬಂದು ಮಗುವನ್ನ ತಗೊಂಡೇ ಹೋಗ್ತೀನಿ, ಆಗ ಯಾರು ತಡೀತಾರೆ ನೋಡ್ತೀನಿ’ ಅಂತ ಬೀದಿಯಲ್ಲಿ ನಿಂತು ಕೂಗಿ ಹೋದ. ನಾನು ಮನೆ ಬದಲಾಯಿಸಿದೆ, ಬೀದಿ ಬದಲಾಯಿಸಿದೆ. ಮಗಳು ನೀರಲ್ಲಿ ಹೋದಳು. ಮೊಮ್ಮಗಳನ್ನಾದ್ರೂ ಉಳಿಸ್ಕೊಳ್ಳೋಣ ಅಂತ, ಮಗಳ ಹೆಸರನ್ನ ಊರ ಬಾಯಿಗೆ ಹಾಕಿದೆ. ಸತ್ತೋಳಿಗೆ ಮಾತು ತಾಗಲ್ಲ ಅಂದ್ಕೊಂಡೆ. ನಿನಗೆ ತಾಗುತ್ತೆ ಅಂತ ಆಗ ತಿಳೀಲಿಲ್ಲ ಕಣೇ.”

ಟೈಲರ್ ಎದ್ದು ಹೋಗಿ ಅಜ್ಜಿಯ ಕಾಲ ಬಳಿ ಕೂತಳು. ಸಿಟ್ಟು ಹೋಗಿರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ತಲೆಯನ್ನು ಅಜ್ಜಿಯ ಮಡಿಲಲ್ಲಿಟ್ಟಳು. ನಾನು ಕಿಟಕಿಯ ಕಡೆ ತಿರುಗಿ ಮತ್ತೆ ಕನ್ನಡಕ ಒರೆಸಿಕೊಂಡೆ.

“ನಾನೀಗ ಮಗುವಲ್ಲ ಅಜ್ಜಿ,” ಎಂದಳು ಮಡಿಲಿನಿಂದಲೇ. “ನನ್ನ ಯಾರೂ ಎತ್ಕೊಂಡು ಹೋಗೋಕಾಗಲ್ಲ. ನಾಳೆ ಕಚೇರಿಗೆ ಬಾ. ಅಮ್ಮನ ಹೆಸರು ಬರೆಸು.”

“ಬರಲ್ಲ.”

“ಯಾಕೆ?”

“ಅವನ ಹೆಸರು ಇನ್ನೂ ಬಂದಿಲ್ಲ.” ಅಜ್ಜಿ ಪತ್ರಿಕೆಯ ಮೇಲೆ ಬೆರಳಿಟ್ಟರು. “ದಿನಾ ಯಾರ ಹೆಸರು ಹುಡುಕ್ತೀನಿ ಅಂದ್ಕೊಂಡೆ ನೀನು? ಅವಳ ಹೆಸರು ಬರೆಸಿದ್ರೆ ಪತ್ರಿಕೇಲಿ ಬರುತ್ತೆ. ತಾಯಿ ಹೆಸರು, ಮಗಳ ಹೆಸರು, ಮನೆ ವಿಳಾಸ, ಎಲ್ಲಾ. ಅವನು ಓದ್ತಾನೆ. ಮಗು ಬೇಕು ಅಂತ ಬರಲ್ಲ ಈಗ, ಅದು ನನಗೂ ಗೊತ್ತು. ಸೇಡಿಗೆ ಬರ್ತಾನೆ.”

ಅವರು ನನ್ನ ಕಡೆ ತಿರುಗಿದರು. “ನೀನು ಸತ್ತೋರನ್ನ ಹುಡುಕೋಳಲ್ವಾ? ಅವನ ಸಾವನ್ನ ಹುಡುಕಿ ತಂದುಕೊಡು. ಅವತ್ತೇ ಬಂದು ಸಹಿ ಹಾಕ್ತೀನಿ.”

ನನಗೆ ಕೇಳಲು ಮನಸ್ಸಿರಲಿಲ್ಲ. ಕೇಳದಿರಲೂ ಆಗಲಿಲ್ಲ.

“ಅಜ್ಜಿ, ಕತ್ತರಿ ತಾಗಿದ್ದು ಯಾವ ಕಿವಿಗೆ?”

“ಎಡಗಿವಿಗೆ. ಅರ್ಧ ಹೋಯ್ತು.”

ಟೈಲರ್ ಮಡಿಲಿನಿಂದ ತಲೆ ಎತ್ತಲಿಲ್ಲ. ಅವಳ ಬೆನ್ನು ಮಾತ್ರ ಸೆಟೆದುಕೊಂಡಿತು. ಆಮೇಲೆ ನಿಧಾನವಾಗಿ ತಿರುಗಿ, ಗೋಡೆಯ ಕೋಲಿನ ತುದಿಯಲ್ಲಿ ನೇತಾಡುತ್ತಿದ್ದ ಬೂದುಬಣ್ಣದ ಹೊಸ ಕೋಟನ್ನು ನೋಡಿದಳು. ಗಂಡಸರ ಕೋಟು. ಕಾಜಗಳೆಲ್ಲ ಆಗಿದ್ದವು. ಗುಂಡಿ ಇರಲಿಲ್ಲ.

“ಸೋಮವಾರ ನೀನು ಒಳಗೆ ಮಲಗಿದ್ದೆ,” ಎಂದಳು. “ನಾನೇ ಅಳತೆ ತಗೊಂಡೆ. ಕುತ್ತಿಗೆ ಸುತ್ತ ಟೇಪು ಹಿಡಿದಿದ್ದೆ. ‘ನಿಮ್ಮಜ್ಜಿ ಚೆನ್ನಾಗಿದ್ದಾರಾ’ ಅಂತ ಕೇಳಿದ್ರು. ಎಷ್ಟು ಒಳ್ಳೇವ್ರು ಅಂದ್ಕೊಂಡೆ.”

ಅಜ್ಜಿ ಕುರ್ಚಿಯ ತೋಳು ಹಿಡಿದು ಎದ್ದರು, ಮೇಜಿನ ತನಕ ನಡೆದರು, ಮೇಲಿದ್ದ ದೊಡ್ಡ ಕತ್ತರಿಯನ್ನು ತಮ್ಮ ಕಡೆ ಎಳೆದುಕೊಂಡರು.

“ಬಾಗಿಲಿಗೆ ಚಿಲಕ ಹಾಕು,” ಎಂದರು ನನಗೆ.

ನಾನು ಬಾಗಿಲ ಬಳಿ ಹೋದೆ. ಚಿಲಕಕ್ಕೆ ಕೈ ಹಾಕಿದಾಗ, ಬಾಗಿಲಿನ ಗಾಜಿನಾಚೆ ಸಂಜೆಬೆಳಕಿನಲ್ಲಿ ಒಬ್ಬರು ನಿಂತು ಮರ್ಯಾದೆಯಿಂದ ಟೋಪಿ ತೆಗೆಯುತ್ತಿದ್ದರು.